ಒಂದು ಕಿಲೋ ಮುನ್ನೂರ ಅರವತ್ತು ಗ್ರಾಂ

1990ರ ಫೆಬ್ರುವರಿ ಮೊದಲ ವಾರದಲ್ಲಿ ಜಪಾನಿನಲ್ಲಿ ಒಬ್ಬನೇ ಒಬ್ಬ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಇರಲಿಲ್ಲ. ವಿಶ್ವ ಪಟ್ಟಕ್ಕೆ ಕೈಹಾಕಿದ ಜಪಾನಿನ ಬಾಕ್ಸರ್‌ಗಳು ಸಾಲಾಗಿ 21 ಸಲ ಸೋತಿದ್ದರು. ಇಪ್ಪತ್ತೆರಡನೆಯವನಾಗಿ ರಿಂಗಿಗೆ ಹತ್ತಲಿದ್ದವನು ಇದಕ್ಕೆ ಮುಂಚೆಯೇ ಎರಡು ಸಲ ವಿಶ್ವ ಪಟ್ಟಕ್ಕೆ ಯತ್ನಿಸಿ, ಎರಡು ಸಲವೂ ಒಬ್ಬನೇ ಕೊರಿಯನ್ ಚಾಂಪಿಯನ್ ಕೈಯಲ್ಲಿ ಹೊಡೆತ ತಿಂದು ಬಂದಿದ್ದ. ಈ ಪ್ರಕರಣ ಅವನದು.

ಪ್ರಕರಣದೊಳಗಿನ ನಾಲ್ವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇನೂ ಗುಟ್ಟಲ್ಲ. ಏಷ್ಯಾದ ಬಾಕ್ಸಿಂಗ್ ನೋಡುವ ಅಭ್ಯಾಸ ಇದ್ದವರಿಗೆ ಇಷ್ಟರಲ್ಲೇ ಗೊತ್ತಾಗಿರಬಹುದು. ಆದರೆ ಹೆಸರು ಬಂದೊಡನೆ ಮುಂದೆ ಅವರು ಏನಾದರು ಎಂಬುದೂ ನೆನಪಿಗೆ ಬರುತ್ತದೆ, ಆಮೇಲೆ ಅವರು ತೆಗೆದುಕೊಂಡ ಪ್ರತಿ ತೀರ್ಮಾನವೂ ಸರಿಯಾಗಿಯೇ ಕಾಣತೊಡಗುತ್ತದೆ. ನನಗೆ ಹಾಗೆ ಕಾಣಿಸಿಕೊಳ್ಳುವುದು ಬೇಡ. ಹಾಗಾಗಿ ಯೊಕೊಹಾಮಾದ ಆ ಬಾಕ್ಸರ್ ಇಲ್ಲಿ ಬರೀ 'ಹುಡುಗ'. ಅವನನ್ನು ಎರಡು ಸಲ ಸೋಲಿಸಿದ ಕೊರಿಯನ್ನನನ್ನು ಅವನ ಊರಿನವರು ಗಿಡುಗ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಇನ್ನೊಬ್ಬ ಕೊರಿಯನ್ನನಿಗೆ 'ಚ' ಎಂದಿಟ್ಟುಕೊಳ್ಳೋಣ. ನಾಲ್ಕನೆಯವರು ಹುಡುಗನ ಜಿಮ್‌ನ ಯಜಮಾನರು. ಜಪಾನಿನಲ್ಲಿ ಅವರನ್ನು 'ಕೈಚೊ' ಎನ್ನುತ್ತಾರೆ.

ಈ ಕೈಚೊ ಪದವಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಬಾಕ್ಸರ್‌ಗೆ ಮ್ಯಾನೇಜರ್ ಬೇರೆ, ತರಬೇತುದಾರ ಬೇರೆ, ಪಂದ್ಯ ಏರ್ಪಡಿಸುವ ಪ್ರೊಮೋಟರ್ ಬೇರೆ. ಜಪಾನಿನಲ್ಲಿ ಬಾಕ್ಸರ್ ಒಂದು ಜಿಮ್‌ಗೆ ಸೇರಿದವನು. ರಿಂಗಿನಲ್ಲಿ ಅವನ ಹೆಸರಿನ ಜೊತೆ ಜಿಮ್‌ನ ಹೆಸರನ್ನೂ ಕೂಗುತ್ತಾರೆ. ಯಾರ ಜೊತೆ ಆಡಬೇಕು, ಯಾವಾಗ, ಎಲ್ಲಿ, ಯಾವ ತೂಕದಲ್ಲಿ ಎನ್ನುವುದು ಬಹುಮಟ್ಟಿಗೆ ಕೈಚೊ ಬಾಯಿಂದ ಬರಬೇಕು. ಗುರುವೂ ಅವರೇ, ಯಜಮಾನರೂ ಅವರೇ, ಮನೆಯ ಹಿರಿಯರೂ ಅವರೇ. ಒಳ್ಳೆಯ ಕೈಚೊ ಸಿಕ್ಕರೆ ಬಾಕ್ಸರ್‌ನ ಪುಣ್ಯ. ಅವರ ಲೆಕ್ಕ ತಪ್ಪಿದರೆ ಏಟು ಬೀಳುವುದು ಮಾತ್ರ ಬಾಕ್ಸರ್‌ಗೇ.

ನಮ್ಮ ಪ್ರಕರಣದ ಕೈಚೊ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋಗಿಬಂದವರು. ವೃತ್ತಿಪರರಾಗಿ ಫ್ಲೈವೇಟ್ ಎಂಬ ತೂಕದ ತರಗತಿಯಲ್ಲಿ ಒಮ್ಮೆ, ಅದಕ್ಕಿಂತ ಮೇಲಿನ ಬ್ಯಾಂಟಮ್‌ವೇಟ್‌ನಲ್ಲಿ ಇನ್ನೊಮ್ಮೆ ವಿಶ್ವ ಪಟ್ಟಕ್ಕೆ ಸೆಣಸಿ ಎರಡರಲ್ಲೂ ಸೋತವರು. ತಮಗೆ ದಕ್ಕದ್ದನ್ನು ಶಿಷ್ಯರ ಕೈಯಲ್ಲಿ ಗಳಿಸಿದರು. ಅವರ ಜಿಮ್‌ನಿಂದ ಆಗಲೇ ವಿಶ್ವ ಚಾಂಪಿಯನ್‌ಗಳು ಬಂದಿದ್ದರು. 1980ರ ಜನವರಿಯಲ್ಲಿ ಕೊರಿಯಾದ ಕಿಮ್ ಸುಂಗ್-ಜುನ್‌ನಿಂದ ಫ್ಲೈವೇಟ್‌ಗಿಂತ ಕೆಳಗಿನ ಲೈಟ್ ಫ್ಲೈವೇಟ್ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಕಿತ್ತುಕೊಂಡ ಶಿಗೆಒ ನಕಾಜಿಮಾ ಅವರಲ್ಲೊಬ್ಬ.

ಹುಡುಗ 1985ರಲ್ಲಿ ವೃತ್ತಿಪರನಾದ. ಕಾಲಿಗಿಂತ ಕೈ ಚುರುಕು. ಎದುರಾಳಿಯ ಹೊಡೆತಕ್ಕಾಗಿ ಕಾದು, ಅದು ಹೊರಟ ಕ್ಷಣಕ್ಕೆ ತನ್ನದನ್ನು ಹೊಡೆಯುವ ಜಾತಿಯವನು. ಆ ಹೊತ್ತಿಗೆ 13 ಸಲ ಪಟ್ಟ ಉಳಿಸಿಕೊಂಡಿದ್ದ ಒಕಿನಾವಾದ ಯೊಕೊ ಗುಶಿಕೆನ್‌ನನ್ನು ಜಪಾನಿನ ಜನ 'ನೂರು ವರ್ಷಕ್ಕೊಬ್ಬ' ಎನ್ನುತ್ತಿದ್ದರು. ನಮ್ಮ ಕೈಚೊ ತಮ್ಮ ಹುಡುಗನಿಗೆ 'ನೂರೈವತ್ತು ವರ್ಷಕ್ಕೊಬ್ಬ ಪ್ರತಿಭೆ' ಎಂದು ಬಿರುದು ಕೊಟ್ಟರು. ಟಿಕೆಟ್ ಮಾರುವುದಕ್ಕೆ ಒಳ್ಳೆಯ ಮಾತು. ಇಪ್ಪತ್ತೊಂದರ ಹುಡುಗನ ಬೆನ್ನಿಗೆ ಕಟ್ಟುವುದಕ್ಕೆ ಭಾರದ ಮೂಟೆ.

ಮೊದಲ ತೀರ್ಮಾನ: ಇಂಚಿಯೊನ್

ವೃತ್ತಿಗಿಳಿದು ಎರಡು ವರ್ಷ ತುಂಬಿರಲಿಲ್ಲ, ಆಡಿದ್ದ ಪಂದ್ಯಗಳು ಹತ್ತನ್ನೂ ಮುಟ್ಟಿರಲಿಲ್ಲ. ಆಗ ಕೈಚೊ ಅವನನ್ನು ವಿಶ್ವ ಪಟ್ಟದ ಪಂದ್ಯಕ್ಕೆ ಒಪ್ಪಿಸಿದರು. ಅದೂ ಪರದೇಶದಲ್ಲಿ. 1986ರ ಡಿಸೆಂಬರ್ 14, ಕೊರಿಯಾದ ಇಂಚಿಯೊನ್. ಎದುರಿಗೆ ಗಿಡುಗ.

ಗಿಡುಗ ಬೂಸಾನಿನವನು. 1983ರ ಮಾರ್ಚ್‌ನಿಂದ, ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿಯ ಲೈಟ್ ಫ್ಲೈವೇಟ್ ಚಾಂಪಿಯನ್. ಗುಂಗುರು ಕೂದಲು, ಕುಳ್ಳ ಮೈ, ನಿಂತಲ್ಲಿ ನಿಲ್ಲದ ಕಾಲು. ಹೊಡೆತ ಎಲ್ಲಿಂದ ಬರುತ್ತದೆಂದು ಅವನಿಗೇ ಮೊದಲೇ ಗೊತ್ತಿರುತ್ತಿತ್ತೋ ಇಲ್ಲವೋ ಅನ್ನಿಸುವಂಥ ಆಟ. ಕಾದು ಹೊಡೆಯುವವನಿಗೆ ಇಂಥವನೇ ಕಂಟಕ, ಏಕೆಂದರೆ ಕಾಯುವುದಕ್ಕೆ ಒಂದು ಲಯ ಬೇಕು. ಗಿಡುಗ ಲಯವನ್ನೇ ಕೊಡುತ್ತಿರಲಿಲ್ಲ.

ಐದನೇ ರೌಂಡಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು.

ಈ ತೀರ್ಮಾನ ತಪ್ಪು ಎಂದೇ ನನ್ನ ಅಭಿಪ್ರಾಯ. 'ಅವಕಾಶ ಬಂದಾಗ ಹಿಡಿಯಬೇಕು' ಎನ್ನುವವರ ವಾದ ಗೊತ್ತು. ವಿಶ್ವ ಪಟ್ಟದ ಪಂದ್ಯ ದಿನಾ ಬಾಗಿಲು ತಟ್ಟುವುದಿಲ್ಲ ಎನ್ನುವುದೂ ನಿಜ. ಆದರೆ ಬಿರುದಿನ ಓಟದಲ್ಲಿ ಬಾಕ್ಸರ್ ಹಿಂದೆ ಬಿದ್ದಿದ್ದ. ಇನ್ನೂ ಒಂದು ವಿಷಯ: ಗಿಡುಗ ತಾನೂ ಮೊದಲ ಯತ್ನದಲ್ಲಿ ಸೋತವನೇ. 1982ರ ಸೆಪ್ಟೆಂಬರ್‌ನಲ್ಲಿ ಪನಾಮಾದ ಹಿಲಾರಿಯೊ ಝಪಾಟಾ ಎದುರು ತೀರ್ಪುಗಾರರ ಅಂಕದಲ್ಲಿ ಕೂದಲೆಳೆಯಲ್ಲಿ ಸೋತು, ಆರು ತಿಂಗಳಲ್ಲಿ ಮತ್ತೆ ಎದುರಾಗಿ ಮೂರೇ ರೌಂಡಿನಲ್ಲಿ ಕೆಲಸ ಮುಗಿಸಿದ್ದ. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ಥರದ ಸೋಲು. ಒಳಗೆ ಹಾಗಿಲ್ಲ. ಗಿಡುಗ ಹದಿನೈದು ರೌಂಡು ನಿಂತು ಎದುರಾಳಿಯನ್ನು ಓದಿಕೊಂಡು ಬಂದಿದ್ದ. ಹುಡುಗ ಪುಸ್ತಕ ತೆರೆಯುವಷ್ಟರಲ್ಲೇ ಹೊರಬಿದ್ದಿದ್ದ.

ಹುಡುಗನ ಪಂದ್ಯದ ಮಿತಿ ಮಾತ್ರ ಹನ್ನೆರಡೇ ರೌಂಡು. ಅದಕ್ಕೆ ಕಾರಣವಾದದ್ದೂ ಇನ್ನೊಬ್ಬ ಕೊರಿಯನ್ ಬಾಕ್ಸರ್. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ರೇ ಮಾನ್ಚಿನಿ ಎದುರು ಹದಿನಾಲ್ಕನೇ ರೌಂಡಿನಲ್ಲಿ ಬಿದ್ದ ಕಿಮ್ ಡುಕ್-ಕೂ ಮತ್ತೆ ಎಚ್ಚರಗೊಳ್ಳಲೇ ಇಲ್ಲ, ಕೆಲವು ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆಯೇ ಡಬ್ಲ್ಯುಬಿಸಿ ಪಟ್ಟದ ಪಂದ್ಯಗಳನ್ನು 15 ರೌಂಡಿನಿಂದ 12ಕ್ಕೆ ಇಳಿಸಿತು. ಇಂಚಿಯೊನ್‌ನಲ್ಲಿ ಐದಕ್ಕೇ ಪಂದ್ಯ ನಿಂತದ್ದನ್ನು ಅವಮಾನ ಎಂದು ಎಣಿಸಿದವರು ಇದ್ದಿರಬಹುದು. ನಾಲ್ಕು ವರ್ಷ ಹಿಂದಿನ ಆ ದಿನವನ್ನು ನೆನೆದರೆ ಬೇಗ ನಿಂತ ಪಂದ್ಯದಂಥ ಉಪಕಾರ ಇನ್ನೊಂದಿಲ್ಲ.

ಎರಡನೇ ತೀರ್ಮಾನ: ಅದೇ ಮನುಷ್ಯ, ಮತ್ತೆ

ಹುಡುಗ ಊರಿಗೆ ಮರಳಿ ಪಂದ್ಯಗಳನ್ನಾಡಿ ದೇಶದ ಪಟ್ಟ ಗಳಿಸಿದ. ಒಂದೂವರೆ ವರ್ಷದ ಮೇಲೆ ಕೈಚೊ ಮತ್ತೆ ಗಿಡುಗನನ್ನೇ ಕರೆದರು, ಈ ಸಲ ತಮ್ಮ ಅಂಗಳಕ್ಕೆ. 1988ರ ಜೂನ್ 27, ಟೋಕಿಯೊದ ಕೊರಾಕುಎನ್ ಹಾಲ್.

ಈ ಹಾಲ್ ನೋಡಿದವರಿಗೆ ಗೊತ್ತು, ಅದೊಂದು ಕಟ್ಟಡದ ಐದನೇ ಮಹಡಿ. ಎರಡು ಸಾವಿರ ಜನ ಹಿಡಿದರೆ ಹೆಚ್ಚು. ರಿಂಗಿಗೂ ಕುರ್ಚಿಗೂ ಅಂತರವೇ ಇಲ್ಲ. ಜಪಾನಿನ ಬಾಕ್ಸಿಂಗ್‌ಗೆ ಅದು ಊರದೇವರ ಗುಡಿ ಇದ್ದ ಹಾಗೆ. ಎದುರಾಳಿ ಕೊರಿಯಾದವನು ಎಂದ ಮೇಲೆ ಕೇಳುವುದೇ ಬೇಡ. 1910ರಿಂದ 1945ರವರೆಗೆ ಜಪಾನ್ ಕೊರಿಯಾವನ್ನು ಆಳಿದ ನೆನಪು ಎರಡೂ ಕಡೆ ಆರಿರಲಿಲ್ಲ. ಎರಡೂ ದೇಶಗಳ ಬಾಕ್ಸರ್‌ಗಳು ಎದುರಾದಾಗ ಬೆಲ್ಟಿಗಿಂತ ದೊಡ್ಡದೇನೋ ಪಣಕ್ಕಿಟ್ಟಂತೆ ಜನ ಕೂಗುತ್ತಿದ್ದರು.

ಆ ರಾತ್ರಿ ಹುಡುಗ ಒಂದಲ್ಲ, ಎರಡಲ್ಲ, ಹಲವು ಸಲ ನೆಲಕ್ಕೆ ಬಿದ್ದ. ಬಿದ್ದಷ್ಟು ಸಲ ಎದ್ದ. ಎದ್ದು ಸುಮ್ಮನೆ ತಪ್ಪಿಸಿಕೊಂಡು ಓಡಾಡಲಿಲ್ಲ, ಎದುರು ನಿಂತು ಹೊಡೆದ. ಅವನ ಬಲಗೈ ಹೊಡೆತಗಳು ಗಿಡುಗನಿಗೂ ತಾಗಿದವು. ಎಂಟನೇ ರೌಂಡಿನಲ್ಲಿ ಮತ್ತೆ ರೆಫರಿಯೇ ತಡೆಯಬೇಕಾಯಿತು. ಅದು ಗಿಡುಗನ ಹದಿನೈದನೇ ಪಟ್ಟ ರಕ್ಷಣೆ, ಕೊನೆಯದೂ ಹೌದು. ಆಮೇಲೆ ಅವನು ಬೆಲ್ಟನ್ನು ತಾನಾಗಿ ಬಿಟ್ಟುಕೊಟ್ಟ.

ಫಲಿತಾಂಶದ ಪಟ್ಟಿಯಲ್ಲಿ ಎರಡೂ ಸೋಲೇ. ಹಾಗಿದ್ದರೂ ಎರಡನೇ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಆ ಕಾಲದಲ್ಲಿ ಆ ತೂಕದಲ್ಲಿ ಗಿಡುಗನಿಗೆ ಸಾಟಿಯಾದವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಅಂಥವನ ಎದುರು ತನ್ನ ಹೊಡೆತ ಕೆಲಸ ಮಾಡುತ್ತದೆ ಎಂಬುದು ಆವತ್ತು ಹುಡುಗನಿಗೆ ತಿಳಿಯಿತು. ಇಂಚಿಯೊನ್‌ನಿಂದ ಅವನು ಬರಿಗೈಯಲ್ಲಿ ಬಂದಿದ್ದ. ಕೊರಾಕುಎನ್‌ನಿಂದ ಹೊರಟಾಗ ಕೈಯಲ್ಲಿ ಏನೋ ಇತ್ತು.

ಸಮಸ್ಯೆ ಎಲ್ಲಿತ್ತು?

ಎರಡು ಸಲ ಒಬ್ಬನಿಗೇ ಸೋತವನನ್ನು ನೋಡಿ ಜನ ಏನೆನ್ನುತ್ತಾರೆ? ದವಡೆ ಗಟ್ಟಿಯಿಲ್ಲ, ಎದೆಯಿಲ್ಲ, ಬಿರುದು ಸುಳ್ಳು. ಜಿಮ್‌ನಲ್ಲಿ ಉತ್ತರವೂ ಸಿದ್ಧವಿರುತ್ತದೆ: ಇನ್ನಷ್ಟು ಓಡಿಸು, ಇನ್ನಷ್ಟು ಬಡಿ, ಶೈಲಿ ಬದಲಿಸು. ಸೋಲಿಗೆ ಕಾರಣ ಸೋತವನ ಮೈಯಲ್ಲೇ ಇರಬೇಕೆಂದು ಎಲ್ಲರೂ ಹುಡುಕುತ್ತಾರೆ.

ಒಮ್ಮೆ ಆ ತೂಕದ ನಕಾಶೆ ನೋಡಿ. 1988ರ ಜೂನ್‌ನಲ್ಲಿ ಲೈಟ್ ಫ್ಲೈವೇಟ್‌ನ ಡಬ್ಲ್ಯುಬಿಸಿ ಬೆಲ್ಟ್ ಗಿಡುಗನ ಸೊಂಟದಲ್ಲಿ. ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಎಯ ಬೆಲ್ಟ್ 1985ರಿಂದ ಯೂ ಮ್ಯುಂಗ್-ವೂ ಬಳಿ. ಅವನೂ ಕೊರಿಯನ್ನನೇ, ಸಾಲಾಗಿ 17 ಸಲ ಅದನ್ನು ಕಾಪಾಡಿಕೊಂಡವನು. ಮೂರನೇ ಸಂಸ್ಥೆ ಐಬಿಎಫ್‌ನ ಬೆಲ್ಟ್ 'ಚ' ಬಳಿ, ಅವನೂ ಕೊರಿಯಾದವನೇ. ಸಾಲದ್ದಕ್ಕೆ ಐಬಿಎಫ್ ಪಟ್ಟವನ್ನು ಜಪಾನ್ ಬಾಕ್ಸಿಂಗ್ ಕಮಿಷನ್ ಆಗ ಮಾನ್ಯ ಮಾಡುತ್ತಿರಲಿಲ್ಲ, ಮಾನ್ಯ ಮಾಡಿದ್ದು 2013ರಲ್ಲಿ. ಅಂದರೆ 108 ಪೌಂಡ್, ಸುಮಾರು 49 ಕಿಲೋ ತೂಗುವ ಜಪಾನಿ ಬಾಕ್ಸರ್‌ಗೆ ಎರಡೇ ಬಾಗಿಲು. ಎರಡರ ಮುಂದೆಯೂ ಆ ತೂಕದ ಚರಿತ್ರೆಯಲ್ಲೇ ದೊಡ್ಡ ಹೆಸರಾದ ಇಬ್ಬರು ಕಾವಲು. ಹುಡುಗ ಒಳ್ಳೆಯವನಾಗಿದ್ದ. ಅವನು ಹುಟ್ಟಿದ ಕಾಲ, ತೂಗಿದ ತಕ್ಕಡಿ ಎರಡೂ ಕೆಟ್ಟವಾಗಿದ್ದವು.

ಅವನ ಪಾಲಿಗೆ ಒಂದು ಹೊಸ ಬಾಗಿಲು ಅಷ್ಟರಲ್ಲಿ ತೆರೆದಿತ್ತು. 1987ರಲ್ಲಿ ವಿಶ್ವ ಸಂಸ್ಥೆಗಳು 105 ಪೌಂಡಿನ ತರಗತಿಯನ್ನು ಹೊಸದಾಗಿ ಶುರು ಮಾಡಿದ್ದವು. ಕೆಲವರು ಸ್ಟ್ರಾವೇಟ್ ಎಂದರು, ಕೆಲವರು ಮಿನಿಮಮ್‌ವೇಟ್ ಎಂದರು. ಡಬ್ಲ್ಯುಬಿಸಿಯ ಮೊದಲ ಚಾಂಪಿಯನ್ ಒಸಾಕಾದ ಹಿರೊಕಿ ಇಒಕಾ, ವಯಸ್ಸು ಹದಿನೆಂಟು.

ಇಒಕಾನ ಹೆಸರು ಬಂದಮೇಲೆ ಅವನ ಗುರುವನ್ನು ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಹವಾಯಿಯಿಂದ ಬಂದು ಜಪಾನಿನಲ್ಲೇ ಬಾಳಿದ ಎಡ್ಡಿ ಟೌನ್‌ಸೆಂಡ್. ಹುಡುಗರನ್ನು ಬಿದಿರು ಕೋಲಿನಿಂದ ಬಡಿದು ಕಲಿಸುವುದು ಅವರಿಗೆ ಆಗದು. ಶಿಷ್ಯ ಅಪಾಯದಲ್ಲಿದ್ದಾನೆ ಅನ್ನಿಸಿದರೆ ಎಲ್ಲರಿಗಿಂತ ಮೊದಲು ರಿಂಗಿಗೆ ಟವೆಲ್ ಎಸೆದು, ಸೋಲೊಪ್ಪಿ ಪಂದ್ಯ ನಿಲ್ಲಿಸುವವರು ಎಂದೇ ಹೆಸರು. 1988ರ ಜನವರಿ 31ರಂದು ಒಸಾಕಾದಲ್ಲಿ ಇಒಕಾ ಕೊರಿಯಾದ ಲೀ ಕ್ಯುಂಗ್-ಯುನ್ ಎದುರು ಪಟ್ಟ ಉಳಿಸಿಕೊಳ್ಳಬೇಕಿತ್ತು. ಟೌನ್‌ಸೆಂಡ್ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದರು. ಸ್ಟ್ರೆಚರ್ ಮೇಲೆ ಮಲಗಿಯೇ ಪಂದ್ಯದ ಜಾಗಕ್ಕೆ ಬಂದರು. ಇಒಕಾ ಕೊನೆಯ ರೌಂಡಿನಲ್ಲಿ ನಾಕೌಟ್ ಮಾಡಿ ಗೆದ್ದ. ಮರುದಿನ ಗುರು ಹೋದರು. ಹೊಸ ತೂಕಕ್ಕೆ ಹೀಗೆ ಹುಟ್ಟಿದ ವರ್ಷದೊಳಗೇ ಒಂದು ಪುರಾಣ ದಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಇಒಕಾ ಥಾಯ್ಲೆಂಡಿನ ನಾಪಾ ಕಿಯಟ್‌ವಾಂಚೈಗೆ ಸೋತ. ಜಪಾನಿನ ಬರಗಾಲ ಶುರುವಾದದ್ದು ಅಲ್ಲಿಂದ.

ಮೂರನೇ ತೀರ್ಮಾನ: ಕೆಳಗಿಳಿ

ಹುಡುಗನನ್ನು 105 ಪೌಂಡಿಗೆ ಇಳಿಸಲಾಯಿತು. ಈ ಪ್ರಕರಣದ ತಿರುವು ಇದು. ಹೇಳುವುದಕ್ಕೆ ಒಂದು ವಾಕ್ಯ.

ಮೂರು ಪೌಂಡ್ ಎಂದರೆ ಒಂದು ಕಿಲೋ ಮುನ್ನೂರ ಅರವತ್ತು ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ಏನೂ ಅಲ್ಲ. ಆದರೆ 49 ಕಿಲೋ ಮೈಯಲ್ಲಿ ಅದು ನೂರಕ್ಕೆ ಮೂರರ ಹತ್ತಿರ, ಎಪ್ಪತ್ತು ಕಿಲೋ ತೂಗುವವರು ಎರಡು ಕಿಲೋ ಇಳಿಸಿದಂತೆ. ಇನ್ನು ಲೈಟ್ ಫ್ಲೈವೇಟ್ ಬಾಕ್ಸರ್‌ನ ಮೈಯಲ್ಲಿ ಕರಗಿಸಲು ಕೊಬ್ಬು ಎಲ್ಲಿರುತ್ತದೆ? ಅಲ್ಲಿಗೆ ಬರುವ ಹೊತ್ತಿಗೇ ಅವನು ಒಣಗಿರುತ್ತಾನೆ. ಅದರ ಮೇಲೆ ಇನ್ನೂ ಇಳಿಯುವುದೆಂದರೆ ಹಸಿವಿಗಿಂತ ಬಾಯಾರಿಕೆ ಹೆಚ್ಚು ಕಾಡುವ ವಾರಗಳು. ಸೋತವನು ಕೆಳಗಿಳಿದ ಎಂಬ ಮಾತನ್ನೂ ಕೇಳಿಸಿಕೊಳ್ಳಬೇಕು. ಪಟ್ಟ ಸಿಗದವರು ಸಾಮಾನ್ಯವಾಗಿ ಮೇಲಿನ ತೂಕಕ್ಕೆ ಹೋಗುತ್ತಾರೆ, ಕೈಚೊ ಕೂಡ ತಮ್ಮ ಕಾಲದಲ್ಲಿ ಹಾಗೇ ಮಾಡಿದ್ದರು. ಶಿಷ್ಯನ ವಿಷಯದಲ್ಲಿ ಹೆಜ್ಜೆ ತಿರುಗುಮುರುಗಾಯಿತು.

ಇಲ್ಲಿ ಬದಲಾದದ್ದಕ್ಕಿಂತ ಬದಲಾಗದೆ ಉಳಿದದ್ದನ್ನು ನೋಡಬೇಕು. ಅವನ ಶೈಲಿ ಹಾಗೇ ಉಳಿಯಿತು. ಕಾಯುವುದು, ಬಲಗೈ ಕೌಂಟರ್, ಆಮೇಲೆ ಪಕ್ಕೆಗೆ ಎಡಗೈ ಹುಕ್. ಅದನ್ನು ಕಿತ್ತುಹಾಕಿ ಬೇರೊಬ್ಬ ಬಾಕ್ಸರ್‌ನನ್ನು ಮಾಡಲು ಯಾರೂ ಹೋಗಲಿಲ್ಲ.

ಅವನು ಇಳಿದು ಕಾಯುತ್ತಿರುವಾಗ ಇನ್ನೊಬ್ಬನೂ ಇಳಿದು ಬಂದ. ಲೈಟ್ ಫ್ಲೈವೇಟ್‌ನ ಐಬಿಎಫ್ ಬೆಲ್ಟ್ ಕಳೆದುಕೊಂಡಿದ್ದ 'ಚ', 1989ರ ನವೆಂಬರ್‌ನಲ್ಲಿ ನಾಪಾನನ್ನು ಹನ್ನೆರಡನೇ ರೌಂಡಿನಲ್ಲಿ ಮಣಿಸಿ ಡಬ್ಲ್ಯುಬಿಸಿ ಮಿನಿಮಮ್‌ವೇಟ್ ಚಾಂಪಿಯನ್ ಆದ. ಕೊರಿಯನ್ನರಿಂದ ತಪ್ಪಿಸಿಕೊಂಡು ಇಳಿದ ಮೆಟ್ಟಿಲ ಬುಡದಲ್ಲೂ ಕೊರಿಯನ್ನನೇ ನಿಂತಿದ್ದ. ಆದರೆ ಈತ ಗಿಡುಗನಲ್ಲ. ಇಬ್ಬರೂ ಒಂದೇ ತೂಕದಿಂದ ಇಳಿದವರಾದ್ದರಿಂದ, ಮೈಕಟ್ಟಿನ ಲಾಭ ಹುಡುಗನಿಗೆ ಮಾತ್ರ ಸಿಕ್ಕಿತು ಎಂದು ಹೇಳುವ ಹಾಗೂ ಇಲ್ಲ. ತೂಕ ಇಳಿಸಿದ್ದರಿಂದಲೇ ಗೆದ್ದ ಎನ್ನುವವರು ಇದನ್ನು ಮರೆಯುತ್ತಾರೆ. ತೂಕ ಅವನನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿತು. ಅಲ್ಲಿಂದ ಮುಂದಿನದು ಅವನ ಕೈಯ ಕೆಲಸ.

1990ರ ಫೆಬ್ರುವರಿ 7

ಮತ್ತೆ ಅದೇ ಕೊರಾಕುಎನ್ ಹಾಲ್. ಕೂಗಳತೆಯಲ್ಲಿದ್ದ ಟೋಕಿಯೊ ಡೋಮ್‌ನಲ್ಲಿ ನಾಲ್ಕು ದಿನ ಕಳೆದು ಮೈಕ್ ಟೈಸನ್ ಪಂದ್ಯವಿತ್ತು. ಬಸ್ಟರ್ ಡಗ್ಲಸ್ ಅವನನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿದ್ದು ಪ್ರಪಂಚಕ್ಕೆಲ್ಲ ಗೊತ್ತು. ಅದೇ ವಾರ ಪಕ್ಕದ ಐದನೇ ಮಹಡಿಯಲ್ಲಿ ನಡೆದದ್ದು ಜಪಾನಿಗಷ್ಟೇ ಗೊತ್ತು.

ಪಂದ್ಯ ಒಂಬತ್ತನೇ ರೌಂಡಿನವರೆಗೆ ಸಾಗಿತು. ಮುಗಿಸಿದ್ದು ಪಕ್ಕೆಗೆ ಬಿದ್ದ ಎಡಗೈ ಹೊಡೆತ.

ಆ ಹೊಡೆತದ ಬಗ್ಗೆ ಬಾಕ್ಸರ್‌ಗಳು ಗೌರವದಿಂದ ಮಾತಾಡುತ್ತಾರೆ, ಅದಕ್ಕೆ ಕಾರಣವಿದೆ. ಯಕೃತ್ತು ಇರುವುದು ಬಲಗಡೆ ಪಕ್ಕೆಲುಬಿನ ಕೆಳಗೆ. ಎದುರಿಗೆ ನಿಂತವನ ಎಡಗೈಗೆ ಅದು ನೇರ ದಾರಿ. ತಲೆಗೆ ಬಿದ್ದ ಏಟು ಪ್ರಜ್ಞೆ ತಪ್ಪಿಸುತ್ತದೆ. ಇದು ಹಾಗಲ್ಲ, ಬಿದ್ದವನಿಗೆ ಪೂರ್ತಿ ಎಚ್ಚರವಿರುತ್ತದೆ. ರೆಫರಿ ಎಣಿಸುವುದು ಕೇಳುತ್ತದೆ, ಏಳಬೇಕೆಂಬ ಮನಸ್ಸೂ ಇರುತ್ತದೆ, ಮೈ ಮಾತ್ರ ಕೇಳುವುದಿಲ್ಲ. ಎಷ್ಟೋ ಸಲ ಏಟು ಬಿದ್ದು ಅರೆಕ್ಷಣ ಏನೂ ಆಗುವುದಿಲ್ಲ, ಆಮೇಲೆ ಮೊಣಕಾಲು ಮಡಚುತ್ತದೆ. ಆ ಕಾಲದ ಕೊರಿಯನ್ ಬಾಕ್ಸರ್‌ಗಳೆಂದರೆ ಎಷ್ಟು ಹೊಡೆದರೂ ಮುನ್ನುಗ್ಗುವವರು, ಬಿದ್ದರೂ ಎದ್ದು ಬರುವವರು. 1977ರಲ್ಲಿ ಪನಾಮಾದಲ್ಲಿ ಹೊಂಗ್ ಸೂ-ಹ್ವಾನ್ ಒಂದೇ ರೌಂಡಿನಲ್ಲಿ ನಾಲ್ಕು ಸಲ ಬಿದ್ದು, ಮುಂದಿನ ರೌಂಡಿನಲ್ಲೇ ಹೆಕ್ಟರ್ ಕರಾಸ್ಕಿಯಾನನ್ನು ಮಲಗಿಸಿ ಪಟ್ಟ ಗೆದ್ದದ್ದು ಆ ದೇಶದ ಬಾಯಿಪಾಠ. ಅಂಥವರ ತಲೆಗೆ ಹೊಡೆದು ಸುಸ್ತಾದವರು ಬಹಳ. ಎದೆಗಾರಿಕೆ ಎಷ್ಟೇ ಇರಲಿ, ಯಕೃತ್ತಿಗೆ ಅದು ತಿಳಿಯುವುದಿಲ್ಲ.

'ಚ' ಏಳಲಿಲ್ಲ. 21 ಸೋಲಿನ ಸಾಲು ಅಲ್ಲಿಗೆ ಮುಗಿಯಿತು.

ಆಮೇಲೆ

ಬೆಲ್ಟ್ ಬಹಳ ದಿನ ಉಳಿಯಲಿಲ್ಲ. ಜೂನ್‌ನಲ್ಲಿ ನಾಪಾ ಎದುರು ಒಮ್ಮೆ ಉಳಿಸಿಕೊಂಡ. ಅಕ್ಟೋಬರ್ 25ರಂದು ಮೆಕ್ಸಿಕೊದ ರಿಕಾರ್ಡೊ ಲೋಪೆಸ್ ಬಂದ. ಐದನೇ ರೌಂಡಿನಲ್ಲಿ ಎಲ್ಲ ಮುಗಿಯಿತು. ಜೀವಮಾನದಲ್ಲಿ ಒಂದೂ ಪಂದ್ಯ ಸೋಲದೆ ನಿವೃತ್ತನಾದ ಲೋಪೆಸ್‌ನ ಆಳ್ವಿಕೆ ಶುರುವಾದದ್ದು ನಮ್ಮ ಹುಡುಗನನ್ನು ಕೆಡವಿಯೇ. ಅಂದರೆ ಇಳಿದ ತೂಕದಲ್ಲೂ ಒಬ್ಬ ಗಿಡುಗ ಹುಟ್ಟಿಕೊಂಡ. ಹುಡುಗನಿಗೆ ಸಿಕ್ಕದ್ದು ಇಬ್ಬರು ದೊಡ್ಡವರ ನಡುವಿನ ಎಂಟೂವರೆ ತಿಂಗಳ ಕಿಂಡಿ. ಆ ಕಿಂಡಿ ತೆರೆದ ಗಳಿಗೆಯಲ್ಲಿ ಸರಿಯಾದ ತೂಕದಲ್ಲಿ, ಸರಿಯಾದ ಊರಿನಲ್ಲಿ ನಿಂತಿದ್ದ. ಇದನ್ನು ಅದೃಷ್ಟ ಎನ್ನುವವರು ಎನ್ನಲಿ. 1992ರ ಅಕ್ಟೋಬರ್‌ನಲ್ಲಿ ಟೋಕಿಯೊದ ಸುಮೊ ಅಖಾಡ ರ್‍ಯೊಗೊಕು ಕೊಕುಗಿಕಾನ್‌ನಲ್ಲಿ ಅವನು ಮತ್ತೊಬ್ಬ ಕೊರಿಯನ್ ಚಾಂಪಿಯನ್‌ನನ್ನು ಅಂಕದ ಮೇಲೆ ಸೋಲಿಸಿ ಡಬ್ಲ್ಯುಬಿಎ ಪಟ್ಟವನ್ನೂ ಗೆದ್ದ. ಮರುವರ್ಷ ಫೆಬ್ರುವರಿಯಲ್ಲಿ ಅದನ್ನೂ ಕಳೆದುಕೊಂಡ.

1994ರಲ್ಲಿ ಯೊಕೊಹಾಮಾದಲ್ಲಿ ತನ್ನದೇ ಜಿಮ್ ತೆರೆದ. ಹುಡುಗ ಕೈಚೊ ಆದ. ಇನ್ನು ಅವರನ್ನು ಬಹುವಚನದಲ್ಲೇ ಕರೆಯಬೇಕು.

ಇಪ್ಪತ್ತು ವರ್ಷದ ಮೇಲೆ ಅದೇ ಪ್ರಶ್ನೆ ಅವರ ಮೇಜಿಗೆ ಬಂತು, ಈ ಸಲ ತಲೆಕೆಳಗಾಗಿ. ಅವರ ಜಿಮ್‌ನ ಒಬ್ಬ ಶಿಷ್ಯ 2014ರ ಏಪ್ರಿಲ್‌ನಲ್ಲಿ, ತನ್ನ ಆರನೆಯ ವೃತ್ತಿಪರ ಪಂದ್ಯದಲ್ಲೇ, ಲೈಟ್ ಫ್ಲೈವೇಟ್ ವಿಶ್ವ ಪಟ್ಟ ಗೆದ್ದ. ಆತುರದ ಪಂದ್ಯದಿಂದ ಏಟು ತಿಂದಿದ್ದವರೇ ಶಿಷ್ಯನನ್ನು ಇನ್ನೂ ಬೇಗ ರಿಂಗಿಗೆ ಬಿಟ್ಟದ್ದು ನೋಡಿದರೆ ನನಗೆ ನಗು ಬರುತ್ತದೆ. ಇಂಚಿಯೊನ್ ತಪ್ಪು ಎಂದು ನಾನು ಮೇಲೆ ಬರೆದದ್ದನ್ನು ಅವರು ಒಪ್ಪುತ್ತಿದ್ದರೋ ಇಲ್ಲವೋ. ಗೆದ್ದರೂ ಆ ಪಂದ್ಯದಲ್ಲಿ ಶಿಷ್ಯನ ಕಾಲು ಹಿಡಿದುಕೊಂಡಿತ್ತು. ಮೈ 49 ಕಿಲೋಗೆ ಒಲ್ಲೆ ಎನ್ನುತ್ತಿತ್ತು. ಅದನ್ನು ಇನ್ನಷ್ಟು ಹಿಂಡುವ ಬದಲು ಕೈಚೊ ಅವನನ್ನು ಎರಡು ತರಗತಿ ಮೇಲಕ್ಕೆ, ಸೂಪರ್ ಫ್ಲೈವೇಟ್‌ಗೆ ಏರಿಸಿದರು. ಡಿಸೆಂಬರ್ 30ರಂದು ಎದುರಾದ ಅರ್ಜೆಂಟೀನಾದ ಒಮರ್ ನರ್ವಾಯೆಸ್ ಹಳೆಯ ಹುಲಿ. ಸುದೀರ್ಘ ವೃತ್ತಿಯಲ್ಲಿ ಒಮ್ಮೆಯೂ ನೆಲ ಕಂಡವನಲ್ಲ. ಎರಡು ರೌಂಡಿನಲ್ಲಿ ನಾಲ್ಕು ಸಲ ಬಿದ್ದ. ಕೊನೆಯ ಸಲ ಅವನನ್ನು ಕೂರಿಸಿದ್ದು ಪಕ್ಕೆಗೆ ಬಿದ್ದ ಎಡಗೈ.

ನರ್ವಾಯೆಸ್ ಕಡೆಯವರಿಗೆ ನಂಬಲಾಗಲಿಲ್ಲ. ಗ್ಲೌಸ್ ಒಳಗೆ ಏನೋ ಇದೆ ಎಂದು ಅನುಮಾನ ಪಟ್ಟರು. ಕೈಚೊ ವಾದಕ್ಕೆ ಇಳಿಯಲಿಲ್ಲ. ರಿಂಗಿನಲ್ಲೇ ಶಿಷ್ಯನ ಗ್ಲೌಸ್ ಬಿಚ್ಚಿಸಿ ಕೈ ತೋರಿಸಿದರು.